ಜಾತ್ರೆಗೆ ಹೊರಡುವ ಮುಂಚೆ ರೊಟ್ಟಿ ಹಿಟ್ಟು ನಾದಿಸಿ

ದುಗ್ಗಮ್ಮನ ಜಾತ್ರೆಯಲ್ಲಿ ಡೊಳ್ಳಿನ ಸದ್ದಿಗೆ ಕಿವಿ ಮುಚ್ಚಿ ಚೀರುವ ಮಕ್ಕಳನ್ನು ದಾವಣಗೆರೆಯವರು ನೋಡಿಯೇ ಇರುತ್ತೀರಿ. ಅಂಗಿಯ ಪಟ್ಟಿ ಚುಚ್ಚುತ್ತೆ ಅಂತ ಸ್ಕೂಲಿಗೆ ಹೊರಡುವಾಗ ಅಳುವವರೂ ಇದ್ದಾರೆ. ಇದನ್ನು ಹಟ ಅನ್ನಬೇಡಿ. ಸದ್ದು, ಸ್ಪರ್ಶ, ಬೆಳಕು ಅವರಿಗೆ ನಮಗಿಂತ ಜೋರಾಗಿ ತಟ್ಟುತ್ತವೆ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ) ಜೀನ್ ಏರ್ಸ್ 1970ರ ದಶಕದಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದರು.

ಮೊದಲು ಒಂದು ವಾರ ಸುಮ್ನೆ ಗಮನಿಸಿ. ಯಾವ ಹೊತ್ತಲ್ಲಿ, ಯಾವ ಸದ್ದಿಗೆ ರಗಳೆ ಶುರುವಾಯಿತು, ಏನು ಮಾಡಿದಾಗ ತಣ್ಣಗಾಯಿತು ಅಂತ ಬರೆದಿಡಿ.

ಆಮೇಲೆ ರಟ್ಟೆಗೆ ಕೆಲಸ ಕೊಡಿ. ಸ್ನಾಯು, ಕೀಲುಗಳ ಮೇಲೆ ಒತ್ತಡ ಬಿದ್ದರೆ ಎಷ್ಟೋ ಮಕ್ಕಳು ಹದಕ್ಕೆ ಬರುತ್ತಾರೆ. ಜೋಳದ ಹಿಟ್ಟನ್ನು ಎಸರಿಗೆ ಹಾಕಿ ನೀವೇ ತಿರುವಿ. ಕೈ ಸುಡದಷ್ಟು ಆರಿದ ಮೇಲೆ ಒಂದು ಉಂಡೆ ಮಗುವಿಗೆ ಕೊಡಿ. ಅಂಗೈ ಬುಡದಿಂದ ಒತ್ತಿ ಒತ್ತಿ ನಾದಲಿ. ಅಂಚು ಬಿರಿದರೆ ನೀರು ಚಿಮುಕಿಸಿಕೊಳ್ಳಲಿ. ಆಮೇಲೆ ಪಟಪಟ ಬಡಿಯಲಿ. ಸದ್ದು ಯಾವಾಗ ಬರುತ್ತೆ ಅಂತ ಅವರಿಗೇ ಗೊತ್ತಿರುತ್ತದೆ, ಹಾಗಾಗಿ ಅಷ್ಟು ಬಾಧಿಸುವುದಿಲ್ಲ. ಹೊರಡುವ ಮುಂಚೆ ಹತ್ತು ನಿಮಿಷ ಇದನ್ನು ಮಾಡಿಸಿ. ಅಳು ಶುರುವಾದ ಮೇಲೆ ಇದು ಕೆಲಸಕ್ಕೆ ಬರುವುದು ಕಡಿಮೆ. ಹಿಟ್ಟಿಲ್ಲದಿದ್ದರೆ ಗೋಡೆ ತಳ್ಳಲಿ, ಅರ್ಧ ಬಕೆಟ್ ನೀರು ಹೊರಲಿ.

ಮುಟ್ಟಲು ಹಿಂಜರಿಯುವವರಿಗೆ ನಮ್ಮ ಮಂಡಕ್ಕಿಯೇ ಸಾಕು. ಟಬ್‌ಗೆ ಸುರಿದು ಮೊದಲು ಸೌಟು ಕೊಡಿ, ಕೈ ಹಾಕು ಅಂತ ಒತ್ತಾಯ ಬೇಡ. ಚಿಕ್ಕವರು ಬಾಯಿಗೋ ಮೂಗಿಗೋ ಹಾಕಿಕೊಳ್ಳುತ್ತಾರೆ, ಪಕ್ಕದಲ್ಲೇ ಇರಿ.

ಜೋಕಾಲಿಯನ್ನು ಹಿಂದೆ ಮುಂದೆ ನಿಧಾನಕ್ಕೆ ತೂಗಿ. ಗಿರಗಿರ ತಿರುಗಿಸಿದರೆ ಉದ್ವೇಗ ಜಾಸ್ತಿ ಆಗಬಹುದು. ಮುಖ ಬಿಳಚಿಕೊಂಡರೆ, ಬೆವರಿದರೆ ತಕ್ಷಣ ನಿಲ್ಲಿಸಿ.

ಜಾತ್ರೆಗೆ ಜನ ಕಡಿಮೆ ಇರುವ ಬೆಳಿಗ್ಗೆಯೇ ಹೋಗಿ. ಕಿವಿ ಮುಚ್ಚುವ ಹೆಡ್‌ಫೋನ್ ಜೊತೆಗಿರಲಿ. ಸಾಕಾದಾಗ ಕೈ ಎಳೆಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಎಳೆದ ಕೂಡಲೇ ಹೊರಡಬೇಕು, ಇನ್ನೊಂದು ಅಂಗಡಿ ನೋಡೋಣ ಅನ್ನಬಾರದು. ಹಾಗೆ ಮಾಡಿದರೆ ಮುಂದಿನ ಸಲ ಮಗು ನಿಮ್ಮನ್ನು ನಂಬುವುದಿಲ್ಲ, ಅಲ್ವಾ?

ಅಷ್ಟಾದರೂ ಅಳು ಬಂದರೆ ಬುದ್ಧಿವಾದ ಬೇಡ. ಮಾತು ಕಡಿಮೆ ಮಾಡಿ ನೆರಳಿರುವ ಜಾಗಕ್ಕೆ ಕರೆದೊಯ್ಯಿರಿ.

ಊಟ, ನಿದ್ದೆ, ಓದಿಗೆ ದಿನವೂ ತೊಂದರೆಯಾಗುತ್ತಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೆ ತಪಾಸಣೆ ಇದೆ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುವ ಅದರ ತಂಡವನ್ನೂ ಕೇಳಬಹುದು. ಮಾತೂ ತಡವಾಗಿದ್ದರೆ ಕಿವಿ ಪರೀಕ್ಷೆ ಮಾಡಿಸುವುದನ್ನು ಮರೆಯಬೇಡಿ.