ಹಲ್ಲಿ ಸಾಕುವವರು ಮೊದಲು ಹುಳು ಸಾಕಲು ಕಲಿಯಿರಿ

ಈಗ ಮೈಸೂರಿನ ಹುಡುಗರು ನಾಯಿ, ಗಿಳಿ ಬಿಟ್ಟು ಲೆಪರ್ಡ್ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್ ಅಂತ ಹಲ್ಲಿ ಜಾತಿಯ ಪ್ರಾಣಿಗಳ ಹಿಂದೆ ಬಿದ್ದಿದ್ದಾರೆ. ನಮ್ಮ ಮನೆಯಲ್ಲೂ ಮೊಮ್ಮಗನದೊಂದು ಇದೆ. ಗಾಜಿನ ಪೆಟ್ಟಿಗೆ, ಬಲ್ಬು, ಥರ್ಮಾಮೀಟರ್ ಎಲ್ಲಕ್ಕೂ ದುಡ್ಡು ಸುರಿಯುತ್ತಾರೆ. ಅದು ತಿನ್ನುವ ಹುಳುವನ್ನು ಮಾತ್ರ ಡಬ್ಬಿ ಸಮೇತ ಮೂಲೆಗಿಟ್ಟು ಮರೆಯುತ್ತಾರೆ. ಹಸಿದು ಒಣಗಿದ ಹುಳು ತಿಂದರೆ ಪ್ರಾಣಿಗೆ ಸಿಗುವುದು ಬರೀ ಸಿಪ್ಪೆ. ನಾನು ಮದ್ದೂರು ಕಡೆಯ ರೇಷ್ಮೆ ಮನೆಯಲ್ಲಿ ಬೆಳೆದವಳು. ಹುಳುವಿಗೂ ಹೊತ್ತಿಗೆ ಸರಿಯಾಗಿ ಮೇವು, ಗಾಳಿ, ಒಣ ಜಾಗ ಬೇಕು ಅನ್ನುವುದು ನಮಗೆ ಯಾರೂ ಕೂರಿಸಿಕೊಂಡು ಹೇಳಿದ ಪಾಠವಲ್ಲ.

ಯಾವ ಹುಳು ಒಳ್ಳೆಯದು ಅಂತ ಕೇಳಿದರೆ ನನ್ನ ಓಟು ರೇಷ್ಮೆ ಹುಳುವಿಗೇ. ಮಂಡ್ಯ, ಮೈಸೂರಿನಲ್ಲಿ ಇದ್ದುಕೊಂಡು ಬೇರೆ ಊರಿನಿಂದ ಕೊರಿಯರ್‌ನಲ್ಲಿ ಹುಳು ತರಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ರೇಷ್ಮೆ ಹುಳು ಮೆತ್ತಗಿರುತ್ತದೆ, ಕಚ್ಚುವುದಿಲ್ಲ, ಸದ್ದು ಮಾಡುವುದಿಲ್ಲ, ಸೊಪ್ಪು ಇದ್ದರೆ ತಟ್ಟೆ ಬಿಟ್ಟು ಹೋಗುವುದಿಲ್ಲ. ಕೊಬ್ಬು ಕಡಿಮೆ, ನೀರಿನಂಶ ಜಾಸ್ತಿ. ಮಳವಳ್ಳಿ, ಮದ್ದೂರು, ತಿ. ನರಸೀಪುರದ ಕಡೆ ಚಾಕಿ (ಎಳೆ ಹುಳು) ಸಾಕುವವರು ಎರಡನೇ ಜ್ವರ, ಅಂದರೆ ಮೇವು ಬಿಟ್ಟು ಕೂತು ಚರ್ಮ ಕಳಚುವ ಹೊತ್ತು, ಕಳೆದ ಮರಿ ಹುಳುವನ್ನು ರೈತರಿಗೆ ಕೊಡುತ್ತಾರೆ. ಅಲ್ಲಿ ಹೋಗಿ 'ಒಂದು ಮೊಟ್ಟೆ ಹುಳು ಕೊಡಿ' ಅನ್ನಬೇಡಿ. ಅವರ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಪೂರ್ತಿ ಗುಂಪು, 400-500 ಹುಳು. ನಿಮಗೆ ಬೇಕಿರುವುದು ಒಂದು ಹಿಡಿ ಅಷ್ಟೆ. ರೈತರ ಪರಿಚಯ ಇದ್ದರೆ ಅವರ ತಟ್ಟೆಯಿಂದಲೇ ಕೇಳಿ ತನ್ನಿ, ಅಷ್ಟಕ್ಕೆ ಯಾರೂ ಲೆಕ್ಕ ಹಾಕುವುದಿಲ್ಲ.

ತಂದ ದಿನವೇ ಹಲ್ಲಿಯ ಮುಂದೆ ಇಡಬೇಡಿ. ರೇಷ್ಮೆ ಮನೆಯಲ್ಲಿ ರೋಗ ಬರದಿರಲಿ ಅಂತ ಹುಳು ಜ್ವರದಿಂದ ಎದ್ದಾಗ ಸುಣ್ಣ, 'ವಿಜೇತ' ತರಹದ ಪುಡಿ ಉದುರಿಸುತ್ತಾರೆ. ಅದು ಹುಳುವಿನ ಮೈಗೆ ಅಂಟಿರುತ್ತದೆ. ಮನೆಗೆ ತಂದು, ಬೇರೆ ತಟ್ಟೆಗೆ ಹಾಕಿ, ಇನ್ನೊಂದು ಜ್ವರ ಕಳೆಯುವ ತನಕ ನೀವೇ ಮೇಯಿಸಿ. ಹಳೇ ಚರ್ಮ ಕಳಚಿ ಹೊಸ ಮೈ ಬರುತ್ತದೆ, ಆಮೇಲೆ ಹಾಕಿ. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ. ಸತ್ತಿದೆ ಅಂದುಕೊಂಡು ಎಸೆಯಬೇಡಿ, ಮುಟ್ಟಿ ಎಬ್ಬಿಸಲೂ ಬೇಡಿ. ಆ ಒಂದು ದಿನ ಸೊಪ್ಪು ಹಾಕದೆ ತಟ್ಟೆ ಒಣಗಲು ಬಿಡಿ.

ಸೊಪ್ಪಿನ ವಿಷಯದಲ್ಲಿ ಸ್ವಲ್ಪ ಕಟ್ಟುನಿಟ್ಟಾಗಿರಿ. ಮಾನಂದವಾಡಿ ರಸ್ತೆಯ ರೇಷ್ಮೆ ಸಂಶೋಧನಾ ಸಂಸ್ಥೆಯವರು ಬಿಟ್ಟ ವಿ-1 ತಳಿಯ ಹಿಪ್ಪುನೇರಳೆಯೇ ಈಗ ನಮ್ಮ ಕಡೆ ಹೆಚ್ಚು. ಕುಂಡದಲ್ಲಿ ಒಂದು ಕಡ್ಡಿ ನೆಟ್ಟರೂ ಬರುತ್ತದೆ, ಹಿತ್ತಲಿದ್ದರೆ ಎರಡು ನೆಡಿ. ತೋಟದಿಂದ ತರುವುದಾದರೆ ಔಷಧಿ ಹೊಡೆದು ಎಷ್ಟು ದಿನ ಆಯಿತು ಅಂತ ಬಾಯಿಬಿಟ್ಟು ಕೇಳಿ. ಹುಣಸೂರು, ಪಿರಿಯಾಪಟ್ಟಣದ ಕಡೆಯಿಂದ ಬರುವಾಗ ಹೊಗೆಸೊಪ್ಪಿನ ಹೊಲದ ಪಕ್ಕದ ಹಿಪ್ಪುನೇರಳೆ ಮಾತ್ರ ಕೀಳಬೇಡಿ. ಹೊಗೆಸೊಪ್ಪಿನ ವಿಷ ಸೋಕಿದ ಎಲೆ ತಿಂದರೆ ಹುಳು ಕಕ್ಕಿ ಸಾಯುತ್ತದೆ. ತಾತ ಹೊಗೆಸೊಪ್ಪು ಹಾಕಿಕೊಳ್ಳುವವರಾದರೆ ಕೈ ತೊಳೆಯದೆ ತಟ್ಟೆ ಮುಟ್ಟದಿರಲಿ. ಒದ್ದೆ ಎಲೆ ಹಾಕಬೇಡಿ, ಒರೆಸಿ ಹಾಕಿ. ಉಳಿದ ಸೊಪ್ಪನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಬಾಡುವುದಿಲ್ಲ.

ರೋಗದ ಹುಳು ಕಣ್ಣಿಗೆ ಬಿದ್ದರೆ ದಾಕ್ಷಿಣ್ಯ ಬೇಡ. ಮೈ ಊದಿ ಹಾಲಿನಂಥ ನೀರು ಸೋರಿದರೆ ಹಾಲುತೊಂಡೆ. ಜೋಲು ಬಿದ್ದು ಕೊಳೆತು ನಾತ ಬಂದರೆ ಸಪ್ಪೆ ರೋಗ. ಬೆಳ್ಳಗೆ ಗಟ್ಟಿಯಾದರೆ ಸುಣ್ಣಕಟ್ಟು. ಮೈಮೇಲೆ ಕಪ್ಪು ಮಚ್ಚೆ ಇದ್ದರೆ ಒಳಗೆ ಊಜಿ ನೊಣದ ಮರಿ ಸೇರಿರಬಹುದು. ಇಂಥವನ್ನು ಆರಿಸಿ ತೆಗೆದು ದೂರದಲ್ಲಿ ಹೂತುಬಿಡಿ. ಹಲ್ಲಿಗಂತೂ ಹಾಕಲೇಬೇಡಿ.

ಹುಳು ಯಾವುದೇ ಇರಲಿ, ನಮ್ಮ ಮನೆಗಳಲ್ಲಿ ದೊಡ್ಡ ಶತ್ರು ಇರುವೆ. ಇರುವೆಗೆ ಔಷಧಿ ಬೆರೆತ ಸೀಮೆಸುಣ್ಣದ ಗೆರೆ ಎಳೆಯುವ ಅಭ್ಯಾಸ ಇದೆಯಲ್ಲ, ಅದು ಹುಳುವಿಗೂ ವಿಷವೇ. ಸ್ಟ್ಯಾಂಡಿನ ನಾಲ್ಕು ಕಾಲಿಗೂ ನೀರಿನ ಬಟ್ಟಲು ಇಡಿ. ರೇಷ್ಮೆ ಮನೆಯಲ್ಲಿ ಎಲ್ಲರೂ ಹಾಗೇ ಮಾಡುವುದು. ಸೊಳ್ಳೆ ಬತ್ತಿ, ಜಿರಲೆ ಸ್ಪ್ರೇ ಆ ಕೋಣೆಯಲ್ಲಿ ಬೇಡವೇ ಬೇಡ.

ರೇಷ್ಮೆ ಹುಳು ಸಿಗದಿದ್ದರೆ ಮಕ್ಕಳು ಕ್ರಿಕೆಟ್ ಹುಳು, ಅಂದರೆ ಚಿಮ್ಮಂಡೆ, ತರುತ್ತಾರೆ. ಒಳ್ಳೆಯ ಮೇವೇ, ಆದರೆ ರಾತ್ರಿಯೆಲ್ಲ ಕಿರ್ ಅನ್ನುತ್ತದೆ, ಸತ್ತರೆ ಮನೆಯೆಲ್ಲ ಗಬ್ಬು. ನುಣ್ಣಗಿನ ಗೋಡೆಯ ಎತ್ತರದ ಡಬ್ಬ ತಗೊಂಡು, ಒಳಗೆ ಮೊಟ್ಟೆಯ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿ. ಗಾಳಿಗೆ ತಂತಿ ಜಾಲರಿ ಹಾಕಿ, ಪ್ಲಾಸ್ಟಿಕ್ ಜಾಲರಿಯನ್ನು ಕಡಿದು ತೂತು ಮಾಡುತ್ತವೆ. ಬಟ್ಟಲಲ್ಲಿ ನೀರಿಟ್ಟರೆ ಬಿದ್ದು ಸಾಯುತ್ತವೆ, ಅದರ ಬದಲು ಕ್ಯಾರೆಟ್ ಚೂರು ಸಾಕು. ಸತ್ತವನ್ನು ದಿನಾ ತೆಗೆಯಿರಿ. ತಿನ್ನದೆ ಉಳಿದ ಕ್ರಿಕೆಟ್ ಹುಳುವನ್ನು ರಾತ್ರಿ ಗಾಜಿನ ಪೆಟ್ಟಿಗೆಯಲ್ಲಿ ಬಿಡಬೇಡಿ, ಮಲಗಿದ ಹಲ್ಲಿಯನ್ನೇ ಕಚ್ಚುತ್ತವೆ.

ಮೀಲ್‌ವರ್ಮ್ (ಹಿಟ್ಟು, ಬೂಸದಲ್ಲಿ ಬೆಳೆಯುವ ಒಂದು ದುಂಬಿಯ ಮರಿ) ಸೋಮಾರಿಗಳ ಹುಳು. ಏನೂ ಬೆರೆಸದ ಗೋಧಿ ಬೂಸದಲ್ಲಿ ಹಾಕಿ, ಮೇಲೊಂದು ಕ್ಯಾರೆಟ್ ತುಂಡು ಇಟ್ಟರೆ ಮುಗಿಯಿತು. ಬೂಸವನ್ನು ಮೊದಲು ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿ, ನುಸಿ ಸಾಯುತ್ತದೆ. ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ನೋಡಿ. ಫ್ರಿಜ್ಜಿನ ಬಾಗಿಲಲ್ಲಿಟ್ಟರೆ ಬೆಳವಣಿಗೆ ನಿಧಾನವಾಗಿ ತುಂಬ ದಿನ ಬರುತ್ತವೆ. ವಾರಕ್ಕೊಮ್ಮೆ ಹೊರಗೆ ತೆಗೆದು ಒಂದು ದಿನ ಮೇಯಲು ಬಿಡಿ. ಇಡ್ಲಿ ಹಿಟ್ಟಿನ ಪಕ್ಕ ಇಡುವ ಮುಂಚೆ ಸೊಸೆಯನ್ನು ಒಂದು ಮಾತು ಕೇಳಿ! ನೋಡಲು ಅದರಂತೆಯೇ ಇರುವ ದೊಡ್ಡದು ಸೂಪರ್‌ವರ್ಮ್, ಅದನ್ನು ಫ್ರಿಜ್ಜಿಗೆ ಹಾಕಿದರೆ ಸಾಯುತ್ತದೆ. ಎರಡರಲ್ಲೂ ಕೊಬ್ಬು ಜಾಸ್ತಿ, ದಿನಾ ಅದೇ ಬೇಡ. ಡಬ್ಬ ಮುಚ್ಚಿಡಿ, ಇಲ್ಲದಿದ್ದರೆ ನಿಮ್ಮ ರವೆ ಡಬ್ಬಕ್ಕೂ ಸೇರಿಕೊಳ್ಳುತ್ತವೆ.

ಹೊಲದ ಮಿಡತೆ, ದೀಪಕ್ಕೆ ಬಂದ ಹುಳು, ಮನೆಯ ಜಿರಲೆ ಯಾವುದೂ ಬೇಡ. ಗದ್ದೆ, ಕಬ್ಬಿನ ಹೊಲಗಳಿಗೆ ಔಷಧಿ ಹೊಡೆದಿರುತ್ತಾರೆ. ಮಿಣುಕುಹುಳುವಂತೂ ಕೊಡಲೇಬಾರದು, ಒಂದೇ ಒಂದು ತಿಂದು ಬಿಯರ್ಡೆಡ್ ಡ್ರ್ಯಾಗನ್ ಸತ್ತಿರುವುದುಂಟು.

ಹಾಕುವ ಹುಳುವಿನ ದಪ್ಪ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹೆಚ್ಚಿರಬಾರದು. ಕ್ರಿಕೆಟ್, ಮೀಲ್‌ವರ್ಮ್‌ಗೆ ಹಿಂದಿನ ದಿನವೇ ಹೊಟ್ಟೆ ತುಂಬ ಮೇಯಿಸಿ. ನುಗ್ಗೆಸೊಪ್ಪು, ಸಿಹಿಗುಂಬಳ, ರಾಗಿ ಹಿಟ್ಟು ಹಾಕಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಆದರೂ ಅಷ್ಟೇ ಸಾಲದು. ಹಲ್ಲಿಗೆ ರಂಜಕದ (ಫಾಸ್ಫರಸ್) ಎರಡರಷ್ಟು ಕ್ಯಾಲ್ಸಿಯಂ ಬೇಕು, ಈ ಹುಳುಗಳಲ್ಲಿ ಅದು ಉಲ್ಟಾ ಇರುತ್ತದೆ. ಹಾಗೇ ಬಿಟ್ಟರೆ ದವಡೆ ಮೆತ್ತಗಾಗಿ, ಕಾಲು ಸೊಟ್ಟಗಾಗಿ, ಮೈ ನಡುಗುತ್ತದೆ. ಹುಳುವನ್ನು ಒಂದು ಲೋಟಕ್ಕೆ ಹಾಕಿ, ರಂಜಕ ಇಲ್ಲದ ಕ್ಯಾಲ್ಸಿಯಂ ಪುಡಿ ಚಿಟಿಕೆ ಉದುರಿಸಿ, ಅಲ್ಲಾಡಿಸಿ ತಕ್ಷಣ ಕೊಡಿ. ರೇಷ್ಮೆ ಹುಳುವಿಗೂ ಇದು ಬೇಕು. ಎಲೆ ಅಡಿಕೆಯ ಸುಣ್ಣವೂ ಕ್ಯಾಲ್ಸಿಯಮ್ಮೇ ಅಲ್ವಾ ಅಂತ ಅದನ್ನು ಸವರಬೇಡಿ, ಬಾಯಿ ಸುಡುತ್ತದೆ.

ಹಲ್ಲಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಅದರ ಬಟ್ಟಲನ್ನು ಅಡುಗೆ ಮನೆಯ ಸಿಂಕಿನಲ್ಲಿ ತೊಳೆಯಬೇಡಿ, ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರುತ್ತದೆ. ಚಿಕ್ಕ ಮಕ್ಕಳಿದ್ದರಂತೂ ಜಾಸ್ತಿ ಜೋಪಾನ.

ಇನ್ನು ಎಷ್ಟು ಹಾಕಬೇಕು? ಮರಿಗೆ ದಿನಾ, ಬೆಳೆದ ಲೆಪರ್ಡ್ ಗೆಕ್ಕೊಗೆ ಎರಡು ಮೂರು ದಿನಕ್ಕೊಮ್ಮೆ. ಗೆಕ್ಕೊ ಸೊಪ್ಪು ಮೂಸುವುದಿಲ್ಲ, ಸುಮ್ನೆ ಇಡಬೇಡಿ. ಬಿಯರ್ಡೆಡ್ ಡ್ರ್ಯಾಗನ್ ಬೆಳೆದ ಮೇಲೆ ಮಾತ್ರ ಸೊಪ್ಪೇ ಮುಖ್ಯ, ಹುಳು ಕಡಿಮೆ. ರೇಷ್ಮೆ ಹುಳುವಿಗೆ ತಂದ ಹಿಪ್ಪುನೇರಳೆಯ ಎಳೆ ಎಲೆಯನ್ನೇ ಸಣ್ಣಗೆ ಹೆಚ್ಚಿ ಅದಕ್ಕೂ ಹಾಕಬಹುದು. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟು ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ.