ಶೀರ್ಷಿಕೆಯ ಒತ್ತಕ್ಷರ ಕತ್ತರಿಸಿ ಹೋಗುತ್ತಿತ್ತು, ಸರಿಮಾಡಿದ್ದು ಹೀಗೆ

ಇಂಗ್ಲಿಷ್ ಟೆಂಪ್ಲೇಟಿಗೆ ಕನ್ನಡ ತುಂಬಿ ವೆಬ್ ಡಿಸೈನ್ ಕಲಿಯುವವರಿಗೆ ಈ ತೊಂದರೆ ಬಂದೇ ಬರುತ್ತದೆ: 'ರಾಷ್ಟ್ರೀಯ' ಎಂದು ಹಾಕಿದರೆ ಕೆಳಗಿನ ಒತ್ತುಗಳು ಅರ್ಧಕ್ಕೇ ಮಾಯ. ಫಾಂಟ್ ಬದಲಿಸಿದರೂ ತೊಂದರೆ ಹೋಗಲಿಲ್ಲ.

ಬ್ರೌಸರಿನಲ್ಲಿ ಎಫ್12 ಒತ್ತಿ ಆ ಶೀರ್ಷಿಕೆಯ ಸಿಎಸ್ಎಸ್ (ಪುಟದ ನೋಟ ನಿರ್ಧರಿಸುವ ಕೋಡ್) ನೋಡಿದಾಗ ಕಾರಣ ಸಿಕ್ಕಿತು. ಲೈನ್-ಹೈಟ್ (ಸಾಲಿನ ಎತ್ತರ, ಅಕ್ಷರದ ಗಾತ್ರದ ಎಷ್ಟು ಪಟ್ಟು ಎಂದು) 1.1, ಜೊತೆಗೆ ಓವರ್‌ಫ್ಲೋ ಹಿಡನ್. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದ ಒತ್ತು ಸಾಲಿನಿಂದ ಕೆಳಗಿಳಿಯುತ್ತದೆ, 'ಷ್ಟ್ರ'ದಲ್ಲಿ ಎರಡು ಒತ್ತು ಸೇರುತ್ತವೆ. ಬಾಕ್ಸಿನ ಗಡಿ ದಾಟಿದ ಭಾಗವನ್ನು ಹಿಡನ್ ಕತ್ತರಿಸುತ್ತದೆ. ಹಿಡನ್ ಮಾತ್ರ ತೆಗೆದರೆ ಒತ್ತು ಕಾಣುತ್ತದೆ, ಆದರೆ ಮುಂದಿನ ಸಾಲಿನ ಗುಡಿಸು, ಏತ್ವಗಳಿಗೆ ತಾಗುತ್ತದೆ.

ಹಾಗಾಗಿ ಶೀರ್ಷಿಕೆಗೆ ಲೈನ್-ಹೈಟ್ 1.5, ಬರಹಕ್ಕೆ 1.7 ಕೊಟ್ಟೆ. ಪಿಕ್ಸೆಲ್ ಹಾಕಬೇಡಿ, ಬರೀ ಸಂಖ್ಯೆ ಸಾಕು. ಅಕ್ಷರ ದೊಡ್ಡದಾದಂತೆ ಸಾಲಿನ ಎತ್ತರವೂ ಬೆಳೆಯುತ್ತದೆ.

ಎರಡು ಸಾಲಿಗೆ ಮೊಟಕುಗೊಳಿಸುವ ಲೈನ್-ಕ್ಲ್ಯಾಂಪ್ ಇರುವ ಕಡೆ ಹಿಡನ್ ಬೇಕೇ ಬೇಕು. ಅಲ್ಲಿ ಕೆಳಗೆ ಪ್ಯಾಡಿಂಗ್ (ಬಾಕ್ಸಿನೊಳಗಿನ ಖಾಲಿ ಜಾಗ) ಕೊಟ್ಟರೆ ಮೂರನೇ ಸಾಲಿನ ತಲೆ ಇಣುಕುತ್ತದೆ, ಲೈನ್-ಹೈಟನ್ನೇ ಏರಿಸಿ. ಬಟನ್‌ಗಳಿಗೆ ಹೈಟ್ 36 ಪಿಕ್ಸೆಲ್ ಎಂದು ಕಟ್ಟಿಹಾಕಿದ್ದರೆ ಮಿನ್-ಹೈಟ್ (ಕನಿಷ್ಠ ಎತ್ತರ) ಮಾಡಿ.

ಪರೀಕ್ಷೆಗೆ 'ಕನ್ನಡ' ಎಂಬ ಪದ ಸಾಲದು. 'ಶಾಸ್ತ್ರ', 'ವೈಶಿಷ್ಟ್ಯ', 'ಸ್ತ್ರೀ' ಹಾಕಿ, ಆಂಡ್ರಾಯ್ಡ್ ಫೋನಿನಲ್ಲೂ ತೆರೆದು ನೋಡಿ.