ಕ್ಷೌರದ ಕತ್ತಿಗೆ ಕಲ್ಲು: ಆರಿಸುವುದು ಹೇಗೆ, ನೋಡಿಕೊಳ್ಳುವುದು ಹೇಗೆ?

ಮಡಚುವ ಕ್ಷೌರದ ಕತ್ತಿ ಕೆಲವರ ಬಚ್ಚಲುಮನೆಗೆ ಮತ್ತೆ ಬಂದಿದೆ. ಎಚ್‌ಐವಿ ಭಯ ಶುರುವಾದ ಮೇಲೆ ಸಲೂನುಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಬಂತು, ಮಸೆಯುವ ಕಲ್ಲು ಮೂಲೆ ಸೇರಿತು. ಹಾಗಾಗಿ ಹೊಸದಾಗಿ ಕತ್ತಿ ಕೊಂಡವರಿಗೆ ಕಲ್ಲಿನ ಬಗ್ಗೆ ಹೇಳಿಕೊಡುವವರು ಹತ್ತಿರದಲ್ಲಿ ಸಿಗುವುದು ಕಡಿಮೆ. ಆನ್‌ಲೈನ್‌ನಲ್ಲಿ ಹುಡುಕಿದರೆ ಬೆಲ್ಜಿಯಂ, ಜಪಾನ್, ಅಮೆರಿಕದ ಅರ್ಕನ್ಸಾ ಎಂದು ಹೆಸರುಗಳ ಸಾಲೇ ಇದೆ. ಬೆಲೆ ನೋಡಿದರೆ ತಲೆ ತಿರುಗುತ್ತದೆ. ನನ್ನ ಮಟ್ಟಿಗೆ ಕಲ್ಲಿನ ಹೆಸರಿಗಿಂತ ಅದರ ಮೈ ಸಮತಟ್ಟಾಗಿದೆಯೇ ಎನ್ನುವುದೇ ಮುಖ್ಯ.

ಕಾರಣ ಸುಲಭ. ಮಸೆಯುವಾಗ ಈ ಕತ್ತಿಯ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು. ಕೋನ ಎಷ್ಟಿರಬೇಕು ಎಂದು ಕೈ ಅಂದಾಜು ಮಾಡಬೇಕಾಗಿಲ್ಲ, ಬೆನ್ನಿನ ದಪ್ಪವೇ ಅದನ್ನು ತೀರ್ಮಾನ ಮಾಡುತ್ತದೆ. ಕಲ್ಲಿನ ನಡು ತಗ್ಗಾಗಿದ್ದರೆ ಈ ಲೆಕ್ಕವೇ ತಪ್ಪುತ್ತದೆ. ಬಾಯಿಯ ಒಂದು ಭಾಗ ಜಾಸ್ತಿ ತೇಯುತ್ತದೆ, ಇನ್ನೊಂದು ಭಾಗಕ್ಕೆ ಕಲ್ಲೇ ತಾಗುವುದಿಲ್ಲ.

ಮೊದಲು ಕತ್ತಿ ನೋಡಿ

ಬಾಯಿ ಬರೀ ಮೊಂಡಾಗಿದೆಯೋ, ಹಲ್ಲು ಬಿದ್ದಿದೆಯೋ ಪರೀಕ್ಷಿಸಿ. ಹಲ್ಲು ಬಿದ್ದಿದ್ದರೆ ನಯವಾದ ನೈಸರ್ಗಿಕ ಕಲ್ಲಿನಲ್ಲಿ ಸರಿಮಾಡಲು ಹೋದರೆ ದಿನವಿಡೀ ಉಜ್ಜುತ್ತಾ ಕೂರಬೇಕು. ಅಂಥ ಕೆಲಸಕ್ಕೆ 1000 ನಂಬರಿನ ಕೃತಕ ಕಲ್ಲೇ ಸರಿ (ನಂಬರ್ ಹೆಚ್ಚಿದಷ್ಟೂ ಕಲ್ಲು ನಯ). ಆಮೇಲೆ 4000 ಅಥವಾ 5000ದ ಮೇಲೆ ಎಳೆದು, ಕೊನೆಯ ನಯಕ್ಕೆ ಮಾತ್ರ ನೈಸರ್ಗಿಕ ಕಲ್ಲು ಬಳಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಕುಡುಗೋಲಿಗೆ ಚೆನ್ನ, ಇದಕ್ಕೆ ಬೇಡ. ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರಿಗಂತೂ ಕೊಡಲೇಬೇಡಿ. ತೆಳ್ಳಗಿನ ಅಲಗು ಕ್ಷಣದಲ್ಲಿ ಬಿಸಿಯಾಗಿ ಉಕ್ಕಿನ ಗಟ್ಟಿತನವೇ ಹೋಗುತ್ತದೆ.

ಯಾವ ಕಲ್ಲು?

ಒಂದೇ ಕಲ್ಲು ಕೊಳ್ಳುವುದಾದರೆ ನಾನು ಹೇಳುವುದು ಬೆಲ್ಜಿಯಂನ ಕೋಟಿಕ್ಯೂಲ್. ಆರ್ಡೆನ್ ಬೆಟ್ಟಸಾಲಿನ ವಿಯೆಲ್‌ಸಾಮ್ ಸುತ್ತಮುತ್ತ ನೆಲದಡಿಯ ತೆಳ್ಳನೆಯ ಪದರಗಳಲ್ಲಿ ಇದು ಸಿಗುತ್ತದೆ. ಬಣ್ಣ ಕೆನೆಹಳದಿ. ಕಲ್ಲಿನ ಮೂರನೇ ಒಂದು ಭಾಗದಷ್ಟು ಗಾರ್ನೆಟ್ ಹರಳುಗಳೇ ಇವೆ, ಒಂದೊಂದೂ ಸುಮಾರು 5ರಿಂದ 15 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಹರಳು ಅಷ್ಟೇನೂ ಸಣ್ಣದಲ್ಲ, ಆದರೆ ಆಕಾರ ಹೆಚ್ಚುಕಡಿಮೆ ಗುಂಡಗೆ. ಅದಕ್ಕೇ ಉಕ್ಕಿನ ಮೇಲೆ ಆಳವಾದ ಗೀರು ಬೀಳುವುದಿಲ್ಲ, ಕ್ಷೌರ ಮಾಡಿದರೆ ಚರ್ಮ ಉರಿಯುವುದೂ ಕಡಿಮೆ. ಹಳದಿ ಪದರ ತೆಳುವಾದ್ದರಿಂದ ಹಿಂದೆ ಸ್ಲೇಟು ಕಲ್ಲು ಅಂಟಿಸಿರುತ್ತಾರೆ. ಕೆಲವದರಲ್ಲಿ ಅಡಿಯ ನೀಲಿ ಕಲ್ಲು ಹುಟ್ಟಿನಿಂದಲೇ ಕೂಡಿಕೊಂಡಿರುತ್ತದೆ.

ಅರ್ಕನ್ಸಾದ ಕಲ್ಲು ಬಹುಮಟ್ಟಿಗೆ ಶುದ್ಧ ಸಿಲಿಕಾ, ಭಾರಿ ಗಟ್ಟಿ. ಕತ್ತಿಗೆ ಬೇಕಾದದ್ದು ಅದರಲ್ಲಿ ಕಪ್ಪು ಅಥವಾ ಬೆಳಕು ಹಾಯುವ ಜಾತಿ. ಕ್ಯೋಟೋ ಸುತ್ತಲಿನ ಜಪಾನಿ ಕಲ್ಲುಗಳು ಅದ್ಭುತ ನಿಜ, ಆದರೆ ಒಂದರಂತೆ ಇನ್ನೊಂದು ಇರುವುದಿಲ್ಲ. ಹೊಸಬರು ಆ ಜೂಜಿಗೆ ಇಳಿಯದಿರುವುದೇ ವಾಸಿ. ಚೀನಾದ ಗುವಾಂಗ್‌ಶಿ ಕಡೆಯಿಂದ ಬರುವ ಬೂದು ಕಲ್ಲು ಅಗ್ಗ, ಕೆಲಸ ಬಹಳ ನಿಧಾನ. ಅದರ ಮೇಲೆ ‘12000’ ಎಂದು ಬರೆದಿದ್ದರೆ ನಂಬಬೇಡಿ. ಭೂಮಿಯಿಂದ ಅಗೆದ ಕಲ್ಲಿಗೆ ಕಾರ್ಖಾನೆಯ ನಂಬರ್ ಎಲ್ಲಿಂದ ಬರಬೇಕು?

ಕೊಳ್ಳುವಾಗ

ಕತ್ತಿಯ ಅಲಗು ಸುಮಾರು 3 ಇಂಚು. 15 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಕಲ್ಲು ಸಾಕೇ ಸಾಕು. ಅಗಲಕ್ಕೆಂದು ಜಾಸ್ತಿ ದುಡ್ಡು ಸುರಿಯಬೇಡಿ. ಕಲ್ಲನ್ನು ಒದ್ದೆ ಮಾಡಿ ನೋಡಿ: ಮೈ ಒಣಗುತ್ತಾ ಬಂದಾಗ ಬಿರುಕಿದ್ದ ಕಡೆ ಮಾತ್ರ ನೀರಿನ ಗೆರೆ ಉಳಿಯುತ್ತದೆ. ಆಮೇಲೆ ಕಣ್ಣು ಮುಚ್ಚಿ ಉಗುರನ್ನು ಅಡ್ಡಲಾಗಿ ಎಳೆಯಿರಿ. ಬಣ್ಣದ ಗೆರೆ ಇದ್ದರೂ ಉಗುರಿಗೆ ತಡೆಯದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಎಲ್ಲಾದರೂ ತಡೆದರೆ ಅಲ್ಲಿ ಗಟ್ಟಿ ಹರಳು ಎದ್ದಿದೆ ಎಂದರ್ಥ, ಅದು ಬಾಯಿ ಕೆಡಿಸುತ್ತದೆ. ಹಳೆಯ ಕಲ್ಲಾದರೆ ಸ್ಟೀಲ್ ಸ್ಕೇಲಿನ ಅಂಚನ್ನು ಕಲ್ಲಿನ ಮೈಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ, ನಡುವಿನ ತಗ್ಗು ಗೊತ್ತಾಗುತ್ತದೆ. ಪಕ್ಕದಿಂದಲೂ ನೋಡಿ. ಕೋಟಿಕ್ಯೂಲ್‌ನ ಹಳದಿ ಪದರ ಎರಡು ಮಿಲಿಮೀಟರೂ ಉಳಿದಿಲ್ಲ ಅಂದರೆ ಬಿಟ್ಟುಬಿಡಿ.

ಸಮತಟ್ಟು ಮಾಡುವುದು

ಹೊಸ ಕಲ್ಲೂ ನೇರವಾಗಿರುತ್ತದೆ ಎಂಬ ಖಾತ್ರಿಯಿಲ್ಲ. ದಪ್ಪ ಗಾಜು ಅಥವಾ ಅಡುಗೆಕಟ್ಟೆಯ ಗ್ರಾನೈಟ್ ತುಂಡಿನ ಮೇಲೆ 220ರ ನೀರು ಕಾಗದ, ಅಂದರೆ ಒದ್ದೆ ಮಾಡಿ ಬಳಸುವ ಕಪ್ಪು ಉಪ್ಪುಕಾಗದ, ಹಾಸಿ. ಕಲ್ಲಿನ ಮೈಮೇಲೆ ಪೆನ್ಸಿಲಿನಿಂದ ಚೌಕಳಿ ಗೆರೆ ಎಳೆಯಿರಿ. ನೀರು ಹಾಕಿ ಎಂಟರ ಆಕಾರದಲ್ಲಿ ಉಜ್ಜಿ. ಅಂಚಿನ ಗೆರೆ ಮೊದಲು ಹೋಗುತ್ತದೆ, ತಗ್ಗಿನಲ್ಲಿರುವ ಗೆರೆ ಕೊನೆಗೆ. ಪೂರ್ತಿ ಅಳಿಸಿದ ಮೇಲೆ ಮತ್ತೊಮ್ಮೆ ಗೆರೆ ಎಳೆದು ಉಜ್ಜಿ. ಈ ಸಲ ಎಲ್ಲ ಕಡೆ ಒಟ್ಟಿಗೆ ಮಾಸಿದರೆ ಸರಿ. ನಂತರ 400, 600ರ ಕಾಗದ.

ಒಣ ಕಲ್ಲನ್ನು ಯಾವತ್ತೂ ಉಜ್ಜಬೇಡಿ, ಸಿಲಿಕಾ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮೇಲಿನ ನಾಲ್ಕೂ ಅಂಚುಗಳ ಚೂಪು ಹೋಗುವಂತೆ ಸ್ವಲ್ಪ ಗುಂಡಗೆ ಮಾಡಿ, ಇಲ್ಲದಿದ್ದರೆ ಕತ್ತಿ ತಾಗಿ ಹಲ್ಲು ಬಿದ್ದೀತು. ಕೊನೆಗೆ ಹಲ್ಲುಜ್ಜುವ ಹಳೆ ಬ್ರಷ್‌ನಿಂದ ಚೆನ್ನಾಗಿ ತೊಳೆಯಿರಿ. ಕಾಗದದ ಒಂದೇ ಒಂದು ಕಣ ಉಳಿದರೂ ಬಾಯಿಗೆ ಪೆಟ್ಟು.

ಮಸೆಯುವುದು

ಕೋಟಿಕ್ಯೂಲ್ ಜೊತೆಗೆ ಅದೇ ಜಾತಿಯ ಸಣ್ಣ ಚೂರು ಕಲ್ಲನ್ನೂ ಕೊಳ್ಳಿ. ನಾಲ್ಕು ಹನಿ ನೀರು ಹಾಕಿ ಚೂರಿನಿಂದ ಉಜ್ಜಿದರೆ ನೀರುದೋಸೆ ಹಿಟ್ಟಿನಂಥ ತೆಳ್ಳನೆಯ ಬಿಳಿ ರಾಡಿ ಏಳುತ್ತದೆ. ಕತ್ತಿಯ ಬೆನ್ನು, ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ, ಬಾಯಿ ಮುಂದಾಗಿ ತಳ್ಳಿ. ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ, ಬಾಯಿ ಮುಂದಾಗಿಯೇ ವಾಪಸ್ ತನ್ನಿ. ಭಾರ ಹಾಕಬೇಡಿ. ರಾಡಿ ಬೂದು ಬಣ್ಣಕ್ಕೆ ತಿರುಗಿದರೆ ಉಕ್ಕು ತೇಯುತ್ತಿದೆ ಎಂದು ಲೆಕ್ಕ.

ಆದರೆ ರಾಡಿಯಲ್ಲೇ ಮುಗಿಸಬಾರದು. ಅದರಲ್ಲಿ ತೇಲುವ ಹರಳುಗಳು ಬಾಯಿಗೆ ಎದುರಾಗಿ ಬಡಿಯುತ್ತಲೇ ಇರುತ್ತವೆ, ಹರಿತ ಒಂದು ಮಟ್ಟದಿಂದ ಮೇಲೇರುವುದಿಲ್ಲ. ಹತ್ತಿಪ್ಪತ್ತು ಎಳೆತಕ್ಕೊಮ್ಮೆ ಬೆರಳಲ್ಲಿ ಒಂದೆರಡು ಹನಿ ನೀರು ಬಿಟ್ಟು ತೆಳು ಮಾಡುತ್ತಾ ಹೋಗಿ. ಕೊನೆಯ 30–40 ಎಳೆತ ಬರೀ ನೀರಿನಲ್ಲಿ. ಬಾಯಿ ಪೂರ್ತಿ ಕೂತಾಗ ಮುಂದಿರುವ ನೀರು ಅಲಗಿನ ಮೇಲೇರಿ ಬರುತ್ತದೆ. ಹಿಮ್ಮಡಿಯಿಂದ, ಅಂದರೆ ಅಲಗಿನ ಹಿಡಿಯ ಕಡೆಯಿಂದ, ತುದಿಯವರೆಗೂ ಏರುತ್ತಿದೆಯೇ ಗಮನಿಸಿ. ಏರದ ಜಾಗ ಕಲ್ಲಿಗೆ ತಾಗುತ್ತಿಲ್ಲ. ಆಮೇಲೆ ಚರ್ಮದ ಪಟ್ಟಿಯ ಮೇಲೆ, ಈ ಸಲ ಬೆನ್ನು ಮುಂದಾಗಿ, 50–60 ಸಲ ಎಳೆಯಿರಿ.

ಕಾಪಾಡುವುದು

ಕೋಟಿಕ್ಯೂಲ್‌ಗೆ ಎಣ್ಣೆ ಬೇಡ. ನೀರಲ್ಲಿ ನೆನೆಹಾಕುವುದೂ ಬೇಡ, ಅಂಟು ಬಿಡಬಹುದು. ಅರ್ಕನ್ಸಾ ಕಲ್ಲಿಗೆ ತೆಳ್ಳನೆಯ ಮಿನರಲ್ ಎಣ್ಣೆ ನಡೆಯುತ್ತದೆ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಹಾಕಿದರೆ ಅಂಟಂಟಾಗಿ ಮೈ ಮುಚ್ಚಿಹೋಗುತ್ತದೆ. ಹಳೆಯ ಕಲ್ಲಿನಲ್ಲಿ ಎಣ್ಣೆ ಗಟ್ಟಿಕಟ್ಟಿದ್ದರೆ ಸೀಮೆಎಣ್ಣೆಯಿಂದ ಒರೆಸಿ, ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ಮತ್ತೆ ಸಮತಟ್ಟು ಮಾಡಿ.

ಜಪಾನಿ ಕಲ್ಲಿನದು ಪದರ ಪದರದ ಮೈ. ಪಕ್ಕದಿಂದ ನೀರು ಒಳಗಿಳಿದರೆ ಸೀಳುತ್ತದೆ. ಅದಕ್ಕೇ ಪಕ್ಕಗಳಿಗೆ ಅರಗು ಬಳಿಯುತ್ತಾರೆ. ಅಲ್ಲಿ ಸಿಗುವ ‘ಕಾಶ್ಯೂ’ ಎಂಬ ಅರಗು ಗೇರುಬೀಜದ ಸಿಪ್ಪೆ ಎಣ್ಣೆಯಿಂದಲೇ ಮಾಡಿದ್ದು. ನಮ್ಮ ಕರಾವಳಿಯಲ್ಲಿ ದೋಣಿಗೆ ಬಳಿಯುತ್ತಿದ್ದದ್ದೂ ಅದೇ ಎಣ್ಣೆ ಅಲ್ವಾ!

ಕೆಲಸ ಮುಗಿದ ಮೇಲೆ ರಾಡಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಕಲ್ಲನ್ನು ನೆರಳಲ್ಲಿ ಪಕ್ಕದ ಮೇಲೆ ನಿಲ್ಲಿಸಿ ಒಣಗಿಸಿ. ಬಿಸಿಲಿಗೆ ಇಡಬೇಡಿ, ಒದ್ದೆಯಿರುವಾಗ ಡಬ್ಬಿಗೂ ಹಾಕಬೇಡಿ. ಮುಂದಿನ ಸಲ ಕತ್ತಿ ಇಡುವ ಮೊದಲು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು ಕಲ್ಲನ್ನು ಒದ್ದೆ ಮಾಡಿದ ನೀರು ಕಾಗದದ ಮೇಲೆ ಒಮ್ಮೆ ಆಡಿಸಿ ನೋಡಿ. ಗೆರೆ ಎಲ್ಲ ಕಡೆ ಒಟ್ಟಿಗೆ ಮಾಸಿದರೆ ತೊಳೆದು ಕೆಲಸ ಶುರು ಮಾಡಬಹುದು.